ಹಿರಿಯ ಬಟನ್‌ಗೆ ಮೊದಲ ಮಣೆ

ಬಸ್ಸಿನಲ್ಲಿ ಹಿರಿಯರು ಹತ್ತಿದರೆ ಕಿರಿಯರು ಎದ್ದು ಜಾಗ ಬಿಡುವುದು ನಮ್ಮ ಬಿಷ್ಕೆಕ್‌ನಲ್ಲಿ ದೊಡ್ಡ ಸಂಗತಿಯೇನಲ್ಲ. ಇಶೆನಾಲಿಯ ಲೆಕ್ಕವೇ ಬೇರೆ. ತನಗಿಂತ ಹಿರಿಯ ಬಸ್ಸು ಬಂದು ನಿಂತರೂ ಅವನು ಬೆಂಚಿನಿಂದ ಎದ್ದು, ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸುತ್ತಾನೆ. ಐವತ್ತು ದಾಟಿದ ಆಸಾಮಿ. ಅವನು ಬಸ್ಸಿನಲ್ಲಿ ಕೂತದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಒಮ್ಮೆ ಅವನೂ ಅವನದೇ ವಯಸ್ಸಿನ ಇನ್ನೊಬ್ಬನೂ “ನೀವು ಕೂತ್ಕೊಳಿ”, “ಛೆ, ನೀವು ಕೂತ್ಕೊಳಿ” ಎನ್ನುತ್ತ ಖಾಲಿ ಸೀಟಿನ ಆಚೆ ಈಚೆ ನಿಂತುಕೊಂಡೇ ಕಾರಾ-ಬಾಲ್ಟಾ ಊರಿನವರೆಗೂ ಹೋಗಿಬಿಟ್ಟರಂತೆ. ಇಬ್ಬರೂ ಇಳಿಯಬೇಕಾಗಿದ್ದದ್ದು ಮುಂದಿನ ನಿಲ್ದಾಣದಲ್ಲಿ.

ಇಂಥ ಮನುಷ್ಯ ಹೊಟ್ಟೆಪಾಡಿಗೆ ಮಾಡುವುದು ಮಾತ್ರ ಹುಡುಗರ ಕೆಲಸ. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ. ಜನ ರೇಡಿಯೊ ಕೇಳುವುದನ್ನು ಬಿಟ್ಟರು. ಟೀವಿ ರಿಪೇರಿಗೆ ಕೂತ. ಅವನಿಗೆ ಹೆದರಿಯೋ ಏನೋ ಟೀವಿಗಳು ಕೆಡುವುದನ್ನೇ ಬಿಟ್ಟವು. ಕೊನೆಗೆ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿತು, ಸಮಸಾ ಎಂಬ ಮಾಂಸದ ಕಡುಬು ಮಾರುವ ಅಂಗಡಿಯ ಮಹಡಿ ಮೇಲಿದ್ದ ಸಣ್ಣ ಕಚೇರಿಯೊಂದನ್ನು ಸೇರಿದ. ಅಲ್ಲಿ ಒಂದು ಸಾಧನ ತಯಾರಾಗುತ್ತಿತ್ತು. ಪ್ರೋಗ್ರಾಮಿನ ಗಂಧಗಾಳಿ ಇಲ್ಲದವರೂ ಅದರಲ್ಲಿ ತಮಗೆ ಬೇಕಾದ ಮೊಬೈಲ್ ಆಪ್‌ನ ಪರದೆಗಳನ್ನು ಜೋಡಿಸಿಕೊಳ್ಳಬಹುದು. ಬಿಡಿಭಾಗಗಳ ಉಗ್ರಾಣದಿಂದ ಒಂದು ಬಟನ್ ಎಳೆದು ಇಲ್ಲಿಡಿ, ಒಂದು ಚಿತ್ರ ಎಳೆದು ಅಲ್ಲಿಡಿ, ಆಪ್ ಸಿದ್ಧ.

ಹೇಳುವುದಕ್ಕೆ ಅಷ್ಟೇ. ಆದರೆ ಬಿಡಿಭಾಗಗಳಿಗೂ ಮಾನ ಮರ್ಯಾದೆ ಇದೆ, ಕರೆಯದೆ ಬರುವುದಿಲ್ಲ. ಪ್ರತಿ ಪರದೆಯ ಹಿಂದೆ ಒಂದು ಕಡತ, ಆ ಕಡತದ ನೆತ್ತಿಯ ಮೇಲೆ ‘ಇಂಥ ಬಟನ್ ಉಗ್ರಾಣದ ಇಂಥ ಮೂಲೆಯಿಂದ ಬರಲಿ’ ಎಂದು ಒಂದೊಂದಕ್ಕೂ ಒಂದೊಂದು ಸಾಲು ಬರೆಯಬೇಕು. ಅದಕ್ಕೆ ಇಂಪೋರ್ಟ್ ಎನ್ನುತ್ತಾರೆ. ಗಿರಾಕಿಗಳು ಎಳೆದು ಇಟ್ಟದ್ದಕ್ಕೆಲ್ಲ ಹಿಂದೆ ಕೂತು ಆ ಸಾಲು ಬರೆಯುತ್ತಿದ್ದವನು ಇಶೆನಾಲಿ. ಒಂದು ಸಾಲು ಮರೆತರೆ ಪರದೆ ಪೂರ್ತಿ ಬಿಳಿ, ಜನವರಿ ತಿಂಗಳ ಬೆಟ್ಟದ ಹಾಗೆ.

ಕಚೇರಿಯ ಒಡತಿ ಐದಾನೆಕ್‌ಗೆ ಇಶೆನಾಲಿಯ ಅರ್ಧ ವಯಸ್ಸು, ಎರಡರಷ್ಟು ಅವಸರ. ಒಂದು ದಿನ ಅವನ ಮೇಜಿನ ಮುಂದೆ ಬಂದು ನಿಂತಳು.

“ಬೈಕೆ,” ಎಂದಳು. ಅಣ್ಣನ ಸಮಾನರಾದ ಎಲ್ಲರನ್ನೂ ನಮ್ಮಲ್ಲಿ ಹಾಗೆಯೇ ಕರೆಯುವುದು. “ಇರೋ ಆಯುಸ್ಸನ್ನೆಲ್ಲ ಹೀಗೆ ಕರೆಯೋಲೆ ಬರೆಯೋದ್ರಲ್ಲೇ ಕಳೀತೀರಾ?”

“ಕರೀದೆ ಇದ್ರೆ ಯಾರ್ ಬರ್ತಾರೆ ಮಗಳೇ?”

“ಕರೆಯೋ ಕೆಲ್ಸಾನ ಮಷಿನ್‌ಗೇ ಕಲಿಸಿಬಿಡಿ ಅಂತೀನಿ. ಬಟನ್ ಎಳೆದು ಇಟ್ಟ ತಕ್ಷಣ ಅದೇ ಹೋಗಿ ಹುಡುಕಿ, ಅದೇ ಸಾಲು ಬರೀಲಿ. ನೀವು ಚಾ ಕುಡೀರಿ.”

ಆ ಚಳಿಗಾಲವೆಲ್ಲ ಇಶೆನಾಲಿ ಕೂತು ಕಲಿಸಿದ. ಅವನು ಬರೆದದ್ದು ಎಷ್ಟು ಚುರುಕಾಗಿತ್ತೆಂದರೆ, ಒಮ್ಮೆ ಐದಾನೆಕ್ ‘ಇಲ್ಲೊಂದು ಬಟನ್ ಇದ್ದರೆ ಚೆನ್ನ’ ಎಂದು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಅದು ಬಂದು ಕೂತಿತ್ತಂತೆ. ಕೆಳಗಿನ ಸಮಸಾದವನು ಆಣೆ ಮಾಡಿ ಹೇಳುತ್ತಾನೆ. ಆಣೆ ಮಾಡದೆ ಹೇಳಿದ್ದರೆ ನಂಬಬಹುದಿತ್ತು.

ಬರೆಯುವಾಗ ಒಂದೇ ಒಂದು ಕಡೆ ಕವಲುದಾರಿ ಬಂದಿತ್ತು. ಉಗ್ರಾಣದಲ್ಲಿ ಒಂದೇ ಹೆಸರಿನ ಬಿಡಿಭಾಗಗಳು ಎರಡಿದ್ದರೆ ಯಾವುದನ್ನು ತರಬೇಕು? ಬೇರೆ ಊರಿನವನಾಗಿದ್ದರೆ ಅಲ್ಲಿ ನಿಂತು ಗಡ್ಡ ಕೆರೆದುಕೊಳ್ಳುತ್ತಿದ್ದ. ಇಶೆನಾಲಿಗೆ ಅದು ಕವಲು ಎಂದೇ ತೋರಲಿಲ್ಲ. ಎರಡರಲ್ಲಿ ಯಾವುದು ಮೊದಲು ಹುಟ್ಟಿತೋ ಅದನ್ನು ತಾ ಎಂದು ಬರೆದು ಮುಂದೆ ಹೋದ. ನಮ್ಮಲ್ಲಿ ಕುರಿ ಕೊಯ್ದು ಬಡಿಸುವಾಗ ಯಾರಿಗೆ ಯಾವ ಮೂಳೆ ಎಂದು ವಯಸ್ಸು ನೋಡಿಯೇ ಇಡುತ್ತಾರೆ. ಯಾಕೆ ಎಂದು ಕೇಳುವವನಿಗೆ ಮೂಳೆಯೂ ಇಲ್ಲ, ಸಾರೂ ಇಲ್ಲ.

ಅದೇ ವಸಂತದಲ್ಲಿ ಅವನ ಮಗಳು ಜಿಪಾರ್‌ಳ ಮದುವೆಯಾಯಿತು. ಗಂಡಿನವರು ಸೂಸಾಮಿರ್ ಕಣಿವೆಯ ಕಡೆಯವರು. ಬೇಸಿಗೆ ಬಂದರೆ ದನಕರು, ಕುದುರೆ, ಗುಡಾರಗಳೊಂದಿಗೆ ಮೇಲಿನ ಹುಲ್ಲುಗಾವಲಿಗೆ ಹೋಗಿಬಿಡುತ್ತಾರೆ. ಮಾವ ಶೇರ್ಗಾಜಿ ಅಲ್ಲಿಯ ಗುಡಾರಗಳಿಗೆಲ್ಲ ಯಜಮಾನನಿದ್ದ ಹಾಗೆ. ಎಲ್ಲರ ಹಾಲೂ ಒಟ್ಟಾಗಿ ಕೆಳಗಿನ ಡೇರಿಗೆ ಹೋಗಬೇಕು. ಆದರೆ ಇಂದು ಇಷ್ಟು ಹಾಲಿದೆ ಎಂಬ ಸುದ್ದಿ ಬೆಳಗ್ಗೆ ಮುಟ್ಟದಿದ್ದರೆ ಡೇರಿಯ ಲಾರಿ ಬೆಟ್ಟ ಹತ್ತುವುದಿಲ್ಲ. ಸುದ್ದಿ ಕಳಿಸಲು ನೆಟ್ ಸಿಗುವ ಗುಡ್ಡದವರೆಗೆ ಒಬ್ಬ ದಿನಾ ಕುದುರೆ ಓಡಿಸಬೇಕು.

ಮದುವೆಯ ಊಟದಲ್ಲಿ ಇದನ್ನು ಕೇಳಿ ಇಶೆನಾಲಿ ಎದೆಯುಬ್ಬಿಸಿದ. “ಕುದಾ, ಕುದುರೆಗೆ ಇನ್ನು ವಿಶ್ರಾಂತಿ ಕೊಡಿ. ನಾನೊಂದು ಆಪ್ ಮಾಡಿಕೊಡ್ತೀನಿ.” ಕುದಾ ಎಂದರೆ ಬೀಗ. ಬೀಗರ ನಡುವಿನ ಮಾತು ನಮ್ಮಲ್ಲಿ ಕೋಳಿಮೊಟ್ಟೆ ಇದ್ದ ಹಾಗೆ. ಎರಡು ಕೈಯಲ್ಲಿ ಕೊಡಬೇಕು, ಎರಡು ಕೈಯಲ್ಲಿ ಇಸಿದುಕೊಳ್ಳಬೇಕು.

ಹೆಂಡತಿ ಬಾತ್ಮಾ ಮನೆಗೆ ಬಂದವಳೇ ಎಚ್ಚರಿಸಿದಳು. “ನೋಡು ಮುದುಕಪ್ಪಾ, ತವರಿಂದ ಹೋದ ಗಾದಿ ತೆಳ್ಳಗಿದ್ರೆ ಆಡ್ಕೊಳ್ಳೋದು ಗಾದೀನಲ್ಲ, ಸೊಸೇನ. ನಿನ್ ಆಪ್ ಹೆಚ್ಚುಕಮ್ಮಿ ಆದ್ರೆ ನನ್ ಮಗಳು ವರ್ಷ ಪೂರ್ತಿ ತಲೆ ತಗ್ಗಿಸ್ಕೊಂಡು ಓಡಾಡ್ಬೇಕು.”

“ಗಾದಿ ಹತ್ತಿದು ಕಣೇ. ಇದು ವಿದ್ಯೆದು.”

ಐದಾನೆಕ್ ಕೂಡ ಒಂದು ಮಾತು ಹೇಳಿದ್ದಳು. “ಬೈಕೆ, ಬೆಟ್ಟದಲ್ಲಿ ನೆಟ್ ಬರುತ್ತೆ ಹೋಗುತ್ತೆ. ಅಂಥ ಕಡೆಗೇ ಅಂತ ನಾನೊಂದು ಹೊಸ ‘ಕಳಿಸು’ ಬಟನ್ ಮಾಡಿದೀನಿ. ಸುದ್ದೀನ ಮಡಿಲಲ್ಲಿಟ್ಕೊಂಡು ಕಾಯುತ್ತೆ, ನೆಟ್ ಸಿಕ್ಕಾಗ ತಾನೇ ಕಳಿಸುತ್ತೆ. ಅದನ್ನೇ ಹಾಕಿ.”

“ಅದನ್ನೇ ಹಾಕ್ತೀನಿ,” ಎಂದ ಇಶೆನಾಲಿ. ಉಗ್ರಾಣ ತೆರೆದ, ‘ಕಳಿಸು’ ಎಂದಿದ್ದ ಬಟನ್ ಎಳೆದ, ಪರದೆಯ ಮೇಲೆ ಇಟ್ಟ. ಇಂಪೋರ್ಟ್ ಸಾಲು ತಾನಾಗಿಯೇ ಬಂದು ಕೂತಿತು. ಒತ್ತಿ ನೋಡಿದ, ಹಸಿರಾಯಿತು. ಇನ್ನೇನು ಬೇಕು?

ಬೇಸಿಗೆ ಬಂತು. ಆಪ್ ಬೆಟ್ಟ ಹತ್ತಿತು. ಇಶೆನಾಲಿ ಫೋನ್ ಮಾಡುತ್ತಿದ್ದ. ಶೇರ್ಗಾಜಿ ಬಜಾರಿಗೆಂದು ಕೆಳಗಿಳಿದ ದಿನ ಸಿಗುತ್ತಿದ್ದ.

“ಹೇಗಿದೆ ಕುದಾ ನಮ್ ಆಪ್?”

“ಬಂಗಾರ ಕುದಾ, ಬಂಗಾರ! ಒತ್ತಿದ್ ಕೂಡ್ಲೆ ‘ತಲುಪಿತು, ಧನ್ಯವಾದ’ ಅನ್ನುತ್ತೆ. ನನ್ ಹೆಂಡ್ತಿ ಮದುವೆ ಆದಾಗಿಂದ ಒಂದ್ ಸಲಾನೂ ಅಷ್ಟು ಬೇಗ ಹೂಂ ಅಂದಿಲ್ಲ.”

“ಲಾರಿ ಬರ್ತಿದ್ಯಾ?”

“ಲಾರಿನಾ?” ಶೇರ್ಗಾಜಿ ಕೆಮ್ಮಿದ. “ಲಾರಿ… ದೇವರ ದಯೆ, ಲಾರಿ ಆರೋಗ್ಯವಾಗಿದೆ ಕುದಾ.”

ಇಶೆನಾಲಿಗೆ ಖುಷಿಯೋ ಖುಷಿ. ಆ ಖುಷಿಗೆ ಸಾಕ್ಷಿ ಎಂಬಂತೆ ಸೂಸಾಮಿರ್‌ನಿಂದ ಇಳಿಯುವ ವಾಹನಗಳಲ್ಲೆಲ್ಲ ಅವನ ಹೆಸರಿಗೆ ಒಂದೊಂದು ಮೂಟೆ ಕುರುತ್ ಬರತೊಡಗಿತು. ಕುರುತ್ ಎಂದರೆ ಹುಳಿ ಮೊಸರಿಗೆ ಉಪ್ಪು ಬೆರೆಸಿ ಉಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸಿದ್ದು; ಅದಕ್ಕೂ ಕಲ್ಲಿಗೂ ಇರುವ ವ್ಯತ್ಯಾಸ ಹಲ್ಲಿಗೆ ಮಾತ್ರ ಗೊತ್ತು. ಮೊದಲ ಮೂಟೆ ಕಚೇರಿಯವರೆಲ್ಲ ತಿಂದರು. ಎರಡನೆಯದನ್ನು ನೆರೆಹೊರೆಗೆ ಹಂಚಿದರು. ಆಮೇಲೆ ಬಂದದ್ದು ಮೆಟ್ಟಿಲು, ಕಿಟಕಿ, ಪ್ರಿಂಟರಿನ ಹೊಟ್ಟೆ ಎಲ್ಲವನ್ನೂ ತುಂಬಿತು. ಐದಾನೆಕ್ ತನ್ನ ಕೋಣೆಗೆ ಹೋಗಬೇಕಾದರೆ ಕುರುತ್ ಗುಡ್ಡ ಹತ್ತಿ ಆಚೆ ಜಾರಬೇಕಾಗಿತ್ತು. ಬೀದಿನಾಯಿಗಳು ನಮ್ಮ ಕಡೆ ಬರುವುದನ್ನೇ ಬಿಟ್ಟವು, ಎಲ್ಲಿ ಪ್ರೀತಿಯಿಂದ ಎಸೆದುಬಿಡುತ್ತಾರೋ ಎಂದು.

“ನೋಡಿದ್ಯಾ, ಕುದಾಗೆ ಎಷ್ಟು ಸಂತೋಷ ಆಗಿದೆ!” ಎಂದು ಇಶೆನಾಲಿ ಇನ್ನೊಂದು ಮೂಟೆ ಹೊತ್ತು ಮನೆಗೆ ಬಂದ ದಿನ ಬಾತ್ಮಾ ಒಂದು ಉಂಡೆ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

“ಮುದುಕಪ್ಪಾ, ಒಂದ್ ಮಾತು ಕೇಳ್ಲಾ?”

“ಕೇಳು.”

“ದಿನಾ ಹಾಲೆಲ್ಲ ಲಾರಿಗೆ ಹೋಗೋ ಮನೇಲಿ ಇಷ್ಟೊಂದ್ ಕುರುತ್‌ನ ಯಾವುದ್ರಲ್ಲಿ ಮಾಡ್ತಾರೆ? ಮಂಜಲ್ಲಾ?”

ಇಶೆನಾಲಿಗೆ ಹೆಗಲ ಮೇಲಿದ್ದ ಮೂಟೆಯನ್ನು ಇಳಿಸುವುದೂ ಮರೆತುಹೋಯಿತು. ಬಾತ್ಮಾ ಅಷ್ಟರಲ್ಲಿ ಮಗಳಿಗೆ ಫೋನ್ ಹಚ್ಚಿದ್ದಳು. ಎಷ್ಟೋ ಪ್ರಯತ್ನದ ಮೇಲೆ, ಬೆಟ್ಟದಲ್ಲಿ ನೆಟ್ ಒಂದು ಗಳಿಗೆ ಸುಳಿದಾಗ, ಲೈನ್ ಸಿಕ್ಕಿತು.

“ಹೇಗಿದೀಯೇ?”

“ಚೆನ್ನಾಗಿದೀನಿ ಅಮ್ಮಾ. ಎಲ್ರೂ ಒಳ್ಳೆಯೋರು.”

“ಕೈ ಹೇಗಿದೆ?”

“ಉಪ್ಪು ಸ್ವಲ್ಪ ಜಾಸ್ತಿ ತಾಗಿದೆ,” ಎಂದಳು ಜಿಪಾರ್. ಅಷ್ಟೇ. ಅತ್ತೆ ಮನೆಯ ಮೇಲೆ ದೂರು ಹೇಳಿದ ಹಾಗೂ ಆಗಲಿಲ್ಲ, ಅಪ್ಪನ ಆಪ್ ಮೇಲೆ ದೂರು ಹೇಳಿದ ಹಾಗೂ ಆಗಲಿಲ್ಲ.

ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಕಣಿವೆ ದಾಟಿ ಮೇಲೆ ಹೋದರು. ಬೀಗರು ಬಂದರೆಂದು ಶೇರ್ಗಾಜಿ ಕುರಿ ಕೊಯ್ಯಿಸಿದ. ಇಶೆನಾಲಿಯನ್ನು ಬಾಗಿಲ ಎದುರಿನ ಗೌರವದ ಜಾಗದಲ್ಲಿ ಕೂರಿಸಿ, ಬೆನ್ನಿಗೆ ಎಷ್ಟು ದಿಂಬು ಕೊಟ್ಟರೆಂದರೆ ಅವನ ಮೂಗು ಎದುರಿನ ಬಾಗಿಲಿನಿಂದ ಹೊರಗೆ ಕಾಣುತ್ತಿತ್ತು. ಎರಡು ಸಲ ಅವನು “ಕುದಾ, ಆ ಲಾರಿ…” ಎಂದು ಶುರು ಮಾಡಿದ. ಎರಡು ಸಲವೂ ಶೇರ್ಗಾಜಿ ಅವನ ಬಾಯಿಗೆ ಬಾಲದ ಕೊಬ್ಬಿನ ತುಂಡು ಹಾಕಿ ಮಾತು ಮುಗಿಸಿದ. ಜಿಪಾರ್ ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡು ಚಾ ಬಗ್ಗಿಸುತ್ತಿದ್ದಳು. ಪಿಯಾಲೆ ಬಟ್ಟಲು ನೀಡಿದ ಬೆರಳುಗಳ ಸಂದಿಗಳು ಬಿರುಕು ಬಿಟ್ಟು ಕೆಂಪಾಗಿದ್ದವು. ಬಾತ್ಮಾ ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಇಶೆನಾಲಿ ಕೈಯಲ್ಲಿದ್ದ ಮಾಂಸವನ್ನು ತಟ್ಟೆಗೆ ಇಟ್ಟುಬಿಟ್ಟ.

ಬೆಳಗಾಗುತ್ತಲೇ ಎದ್ದು ಅವನು ಹಾಲು ಕರೆಯುವ ಕಡೆ ಹೋಗಿ ಹಸುವೊಂದರ ಹಿಂದೆ ನಿಂತ. ಕ್ಯಾನುಗಳು ತುಂಬಿದವು. ಜಿಪಾರ್ ಲಂಗಕ್ಕೆ ಕೈ ಒರೆಸಿಕೊಂಡು ಫೋನ್ ತೆಗೆದು ಒತ್ತಿದಳು. ಹಸಿರಾಯಿತು. ತಲುಪಿತು, ಧನ್ಯವಾದ. ಇಶೆನಾಲಿ ತನ್ನ ಫೋನ್ ನೋಡಿಕೊಂಡ: ನೆಟ್ ಒಂದು ಗೆರೆಯೂ ಇಲ್ಲ. ಯಾರಿಗೆ ತಲುಪಿತು? ಮಗಳ ಭುಜದ ಮೇಲಿಂದ ಇಣುಕಿದ. ಧನ್ಯವಾದದ ಪಕ್ಕದಲ್ಲಿ ಒಂದು ಪುಟ್ಟ ಟ್ಯೂಲಿಪ್ ಹೂವು ಅರಳಿ ಮಾಯವಾಯಿತು.

ಪಕ್ಕದ ಗುಡಾರದ ಹೆಂಗಸೊಬ್ಬಳು, ಅವನು ಅಲ್ಲಿರುವುದು ಗೊತ್ತಿಲ್ಲದೆ, ಕೂಗಿದಳು: “ಬಂತಾ ಜಿಪಾರ್ ನಿಮ್ಮಪ್ಪನ ಹೂವು? ಮೂಸಿ ನೋಡಿ ಆಯ್ತಾ? ಹಾಗಾದ್ರೆ ಬಾರಮ್ಮ, ಹಂಡೆ ಇಡೋಣ. ಇವತ್ತೂ ಉಂಡೆ ಕಟ್ಟೋ ಯೋಗ.” ಉಳಿದವರು ನಕ್ಕರು. ಜಿಪಾರ್ ಹಂಡೆಯ ಕಡೆ ನಡೆದಳು. ಹಿಂದಿನಿಂದ ಅವಳ ಕಿವಿಗಳು ಮಾತ್ರ ಕಾಣುತ್ತಿದ್ದವು, ಕೆಂಡದ ಹಾಗೆ.

ಆ ಹೂವು ಇಶೆನಾಲಿಗೆ ಗೊತ್ತಿತ್ತು. ಎಷ್ಟೋ ವರ್ಷದ ಹಿಂದೆ ಬಿಷ್ಕೆಕ್‌ನ ಹೂವಿನಂಗಡಿಯೊಂದಕ್ಕೆ ಕಚೇರಿಯವರು ಮಾಡಿದ ಹಳೆಯ ‘ಕಳಿಸು’ ಬಟನ್ ಅದು. ನಗರದಲ್ಲಿ ಹುಟ್ಟಿ ನಗರದಲ್ಲೇ ಬೆಳೆದದ್ದು; ನೆಟ್ ಇಲ್ಲದ ಲೋಕ ಒಂದಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಆದ್ದರಿಂದ ಒತ್ತಿದವರಿಗೆಲ್ಲ ತಲುಪಿತು ಎಂದು ಹೇಳುತ್ತಿತ್ತು. ಐದಾನೆಕ್‌ಳ ಹೊಸ ಬಟನ್‌ಗೂ ಅದೇ ಹೆಸರು, ಅದೇ ಮುಖ. ಎರಡರಲ್ಲಿ ಹಿರಿಯದು ಬಂದು ಕೂತಿತ್ತು.

ಅಷ್ಟರಲ್ಲಿ ಶೇರ್ಗಾಜಿ ಬಂದ. ಇಶೆನಾಲಿ ಎದೆಯ ಮೇಲೆ ಕೈಯಿಟ್ಟ. “ಕುದಾ, ಆಪ್ ಸುಳ್ಳು ಹೇಳ್ತಿದೆ. ತಪ್ಪು ನನ್ದು.”

“ಛೆ ಛೆ, ಎಂಥ ಮಾತು ಕುದಾ! ನಮ್ ಬೆರಳಿಗೇ ನೆಟ್ಟಗೆ ಒತ್ತೋಕ್ ಬರಲ್ಲ.”

“ಇಲ್ಲ, ನನ್ ತಪ್ಪು.”

“ಬೆಟ್ಟದ್ ತಪ್ಪು ಕುದಾ. ಹಾಳು ಬೆಟ್ಟ, ನೆಟ್‌ಗೆ ಅಡ್ಡ ಕೂತಿದೆ. ನಮ್ ಮುತ್ತಜ್ಜನಿಗೇ ಹೇಳಿದ್ವಿ, ಗುಡಾರಾನ ಸ್ವಲ್ಪ ಆಚೆ ಇಳ್ಸಪ್ಪಾ ಅಂತ.”

“ಬೆಟ್ಟ ಏನ್ ಮಾಡುತ್ತೆ, ನನ್ದೇ.”

“ನೀವ್ ಬೆಟ್ಟಾನ ವಹಿಸ್ಕೊಂಡ್ ಮಾತಾಡ್ಬೇಡಿ!”

ತಪ್ಪನ್ನು ಇವನು ತನಗೆ ಎಳೆದುಕೊಳ್ಳುವುದು, ಅವನು ಬೆಟ್ಟಕ್ಕೆ ಹೊರಿಸುವುದು, ಹೀಗೆ ನಡೆದು ಕ್ಯಾನಿನೊಳಗಿನ ಹಾಲು ತಾನಾಗಿಯೇ ಹೆಪ್ಪುಗಟ್ಟುವ ಹೊತ್ತಾಯಿತು. ಬಾತ್ಮಾ ಗುಡಾರದಿಂದ ಹೊರಗೆ ಬಂದಳು. “ತಪ್ಪನ್ನ ಇಬ್ರೂ ಆಮೇಲೆ ಹಂಚ್ಕೊಂಡ್ ತಿನ್ನಿ. ಮುದುಕಪ್ಪಾ, ನೀನು ಮೊದ್ಲು ಗುಡ್ಡ ಹತ್ತು.”

ಹೆಂಗಸರ ಫೋನುಗಳನ್ನೆಲ್ಲ ಕುದುರೆಯ ಹುರುಳಿಚೀಲದಲ್ಲಿ ತುಂಬಿಕೊಂಡು, ಲ್ಯಾಪ್‌ಟಾಪ್ ಎದೆಗವಚಿಕೊಂಡು ಇಶೆನಾಲಿ ಹೊರಟ. ಕುದುರೆಗೆ ವಯಸ್ಸಾಗಿದೆ ಎಂದು ಅರ್ಧ ದಾರಿಗೆ ಇಳಿದು ನಡೆದ. ಇನ್ನೂ ಸ್ವಲ್ಪ ದೂರವಿದ್ದಿದ್ದರೆ ಹೊತ್ತುಕೊಂಡೇ ಹೋಗುತ್ತಿದ್ದನೋ ಏನೋ. ನೆಟ್ ಸಿಕ್ಕ ಕೂಡಲೇ ಐದಾನೆಕ್‌ಗೆ ಫೋನ್ ಮಾಡಿದ.

“ಮಗಳೇ, ಒಂದೇ ಹೆಸರಿನೋರು ಇಬ್ರು ಇದ್ರೆ ಹಿರಿಯನ್ನ ಕರ್ಕೊಂಡ್ ಬಾ ಅಂತ ಮಷಿನ್‌ಗೆ ಬರ್ದಿದೀನಿ.”

“ಯಾಕ್ ಬೈಕೆ?”

“ಯಾಕೆ ಅಂದ್ರೆ? ಮತ್ತೆ ಕಿರಿಯನ್ನ ತಂದು ಕೂರಿಸ್ಬೇಕಿತ್ತಾ?”

“ಹೌದು!”

ಐದಾನೆಕ್ ನಿಟ್ಟುಸಿರಿಟ್ಟಳು. “ಅಂದ್ರೆ ನನ್ ಬಟನ್ ಹುಟ್ಟಿದಾಗಿಂದ ಬಾಗಿಲಲ್ಲೇ ಚಪ್ಪಲಿ ಕಾಯ್ತಾ ಕೂತಿದೆ. ಹೋಗ್ಲಿ ಬಿಡಿ, ಈಗ ತಿರುಗಿಸಿ ಬರೀರಿ. ಹೊಸದು ಮೊದಲು.”

ಬರೆಯಲು ಕೂತರೆ ಇಶೆನಾಲಿಯ ಬೆರಳು ಏಳಲಿಲ್ಲ. ಒಂದು ಸಾಲು, ಆದರೆ ಆ ಸಾಲಿನಲ್ಲಿ ಅವನ ಅಪ್ಪ, ಅಜ್ಜ, ಅವರಪ್ಪ ಎಲ್ಲರೂ ಎದ್ದು ಬಾಗಿಲ ಬಳಿಯ ಕಿರಿಯರ ಜಾಗಕ್ಕೆ ಹೋಗಿ ಕೂರಬೇಕು. ಕೆಳಗೆ ನೋಡಿದ. ಹಂಡೆಯ ಹೊಗೆ ಮೇಲೇಳುತ್ತಿತ್ತು. ಕೊನೆಗೆ ಬೇರೆಯೇ ಬರೆದ: ಒಂದೇ ಹೆಸರಿನವು ಎರಡು ಕಂಡರೆ ನಿಲ್ಲು, ಎರಡನ್ನೂ ತೋರಿಸು, ಜೋಡಿಸುತ್ತಿರುವವರನ್ನು ಕೇಳು.

“ಇದು ಅದಕ್ಕಿಂತ ಚೆನ್ನಾಗಿದೆ,” ಎಂದಳು ಐದಾನೆಕ್. “ಈಗ ನಿಮ್ಮನ್ನೇ ಕೇಳುತ್ತೆ. ಏನ್ ಹೇಳ್ತೀರಿ?”

ನಿಜಕ್ಕೂ ಕೇಳಿತು. ಹಾಲಿನ ಪರದೆಯ ಮೇಲೆ ಎರಡು ಬಟನ್‌ಗಳು ಪಕ್ಕಪಕ್ಕ ಬಂದು ನಿಂತು ಅವನ ಮುಖ ನೋಡಿದವು. ಇಶೆನಾಲಿ ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದ. “ಕ್ಷಮಿಸಿ ಹಿರಿಯರೇ, ನೀವು ಊರಲ್ಲೇ ಇರಿ. ಇಲ್ಲಿ ಚಳಿ,” ಎಂದು ಕಿರಿಯದನ್ನು ಒತ್ತಿದ. ಆಮೇಲೆ ಚೀಲದಿಂದ ಒಂದೊಂದೇ ಫೋನ್ ತೆಗೆದು ಹೊಸ ಆಪ್ ಇಳಿಸಿದ.

ಮರುದಿನ ಬೆಳಗ್ಗೆ ಯಾರಿಗೂ ಗುಡಾರದೊಳಗೆ ಕೆಲಸವಿರಲಿಲ್ಲ. ಎಲ್ಲರೂ ಕ್ಯಾನುಗಳ ಸುತ್ತ ಏನೋ ಹುಡುಕುತ್ತಿರುವವರಂತೆ ಸುಳಿದಾಡುತ್ತಿದ್ದರು. ಜಿಪಾರ್ ಒತ್ತಿದಳು. ಬಟನ್ ಹಸಿರಾಗಲಿಲ್ಲ. ಧನ್ಯವಾದ ಹೇಳಲಿಲ್ಲ. ಬೂದು ಮುಖ ಮಾಡಿಕೊಂಡು ‘ಕಾಯುತ್ತಿದ್ದೇನೆ’ ಎಂದಿತು.

“ಇದ್ಯಾಕಮ್ಮ ಮುನಿಸ್ಕೊಂಡಿದೆ?” ಎಂದಳು ಪಕ್ಕದ ಗುಡಾರದವಳು. “ಹಿಂದಿಂದು ಸುಳ್ಳಾದ್ರೂ ನಗ್ನಗ್ತಾ ಹೇಳ್ತಿತ್ತು.”

ಯಾರೂ ನಗಲಿಲ್ಲ. ಇಶೆನಾಲಿ ಮಗಳ ಕೈಯಲ್ಲಿನ ಫೋನನ್ನೇ ನೋಡುತ್ತಿದ್ದ. ನಮ್ಮ ಬೆಟ್ಟಗಳಲ್ಲಿ ನೆಟ್ ಎಂಬುದು ಕಾಡುಬೆಕ್ಕಿನ ಹಾಗೆ; ಕರೆದರೆ ಬರುವುದಿಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಬಿಸಿಲು ಗುಡಾರದ ತುದಿ ಮುಟ್ಟುವ ಹೊತ್ತಿಗೆ ಅದು ಯಾವ ಕಲ್ಲಿನ ಹಿಂದಿನಿಂದಲೋ ಒಂದು ಗಳಿಗೆ ಸುಳಿದು ಹೋಗಿರಬೇಕು. ಬೂದು ಹೋಗಿ ಹಸಿರು ಬಂತು. ‘ಈಗ ತಲುಪಿತು.’

ಯಾರೂ ನಂಬಲಿಲ್ಲ. ಹಸಿರನ್ನು ಅವರು ಬಹಳ ದಿನ ನೋಡಿದ್ದರು. ಶೇರ್ಗಾಜಿ ಆಕಾಶ ನೋಡುವವನಂತೆ ನಿಂತು ದಾರಿ ನೋಡುತ್ತಿದ್ದ. ಬಾತ್ಮಾ ಮಗಳ ಪಕ್ಕ ಹೋಗಿ ನಿಂತು, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಿದ್ದಳು. ಹೆಂಗಸರು ಹಂಡೆಗೆ ಬೆಂಕಿ ಹಾಕಲೋ ಬೇಡವೋ ಎಂದು ಗೊಣಗುತ್ತಿರುವಾಗ ಕೆಳಗಿನ ತಿರುವಿನಲ್ಲಿ ಧೂಳೆದ್ದಿತು. ಧೂಳಿನೊಳಗಿನಿಂದ ಲಾರಿ ಬಂತು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಏನ್ರಪ್ಪಾ, ಬದುಕಿದೀರಾ? ಇಡೀ ಬೇಸಿಗೆ ಸುದ್ದಿನೇ ಇಲ್ಲ. ನಿಮ್ ಹಸುಗಳೆಲ್ಲ ಬತ್ತಿಹೋಗಿವೆ ಅಂತ ಡೇರಿಲಿ ಮಾತಾಡ್ಕೊಂಡ್ವಿ!”

ಅಷ್ಟು ದಿನ ಎರಡು ಕೈಯಲ್ಲ, ನಾಲ್ಕು ಕೈಯಲ್ಲಿ ಹಿಡಿದಿದ್ದ ಬೀಗರ ಮಾತಿನ ಮೊಟ್ಟೆ ನೆಲಕ್ಕೆ ಬಿತ್ತು. ಶೇರ್ಗಾಜಿ ಇಶೆನಾಲಿಯ ಮುಖ ನೋಡಿದ. ಇಶೆನಾಲಿ ನೆಲ ನೋಡಿದ. ಆಮೇಲೆ ಶೇರ್ಗಾಜಿಯೊಳಗೆ ಬೇಸಿಗೆಯಿಡೀ ಹೆಪ್ಪಾಗಿದ್ದದ್ದು ಒಮ್ಮೆಲೇ ಉಕ್ಕಿತು.

“ನಿಮ್ ಬಟನ್‌ಗೆ ಬೆಂಕಿ ಹಾಕ! ಕುದಾ, ಆ ಹೂವು ನನ್ ಕನಸಲ್ಲೂ ಬರ್ತಿತ್ತು! ಮತ್ತೆ ಕುದುರೆ ಓಡಿಸಿದ್ರೆ ನಿಮ್ಗೆ ಅವಮಾನ ಅಂತ ಹಲ್ಲು ಕಚ್ಕೊಂಡಿದ್ದೆ! ಕುರುತ್ ಇಡೋಕೆ ಜಾಗ ಇಲ್ದೆ ನಾನು ಗುಡಾರದ ಹೊರಗೆ ಮಲಗ್ತಿದ್ದೆ! ನಮ್ ಮೊಮ್ಮಕ್ಳ ಮೊಮ್ಮಕ್ಳಿಗೂ ಆಗುವಷ್ಟು ಕುರುತ್ ಇದೆ, ಹಲ್ಲು ಮಾತ್ರ ಯಾರಿಗೂ ಉಳಿಯಲ್ಲ! ‘ತಲುಪಿತು, ಧನ್ಯವಾದ!’ ಯಾರಿಗ್ರೀ ಧನ್ಯವಾದ? ಹಸೂಗಾ?”

ಹೆಂಗಸರು ಕ್ಯಾನು ಎತ್ತುವುದನ್ನೂ ಬಿಟ್ಟು ನಿಂತರು. ಬೀಗ ಬೀಗನನ್ನು ಬೈಯುವುದನ್ನು ಆ ಕಣಿವೆ ಎಂದೂ ಕೇಳಿರಲಿಲ್ಲ. ಇಶೆನಾಲಿ ಟೋಪಿ ಕೈಯಲ್ಲಿ ಹಿಡಿದು ಪ್ರತಿ ಬೈಗುಳಕ್ಕೂ “ನಿಜ ಕುದಾ”, “ನಿಜ” ಎನ್ನುತ್ತಿದ್ದ. ಅವನ ಮುಖ ಮಾತ್ರ ಹೊರೆ ಇಳಿಸಿದವನ ಹಾಗೆ ಸಡಿಲವಾಗುತ್ತಿತ್ತು. ಬೈಗುಳ ಮುಗಿದಾಗ ಲಾರಿ ತುಂಬಿತ್ತು. ಶೇರ್ಗಾಜಿ ಬೆವರು ಒರೆಸಿಕೊಂಡು, ದನಿ ಇಳಿಸಿ, ಬೀಗನ ಭುಜದ ಮೇಲೆ ಕೈ ಹಾಕಿದ. ಮನೆಯ ತಮ್ಮನಿಗೆ ಹಾಕುವ ಹಾಗೆ.

“ಇನ್ನೊಂದ್ ಮಾತು. ಆ ಹಸಿರು ಬಣ್ಣ ನಂಗೆ ಮೊದ್ಲಿಂದಾನೂ ಸೇರಲ್ಲ.”

“ಯಾವ್ ಬಣ್ಣ ಬೇಕು ಹೇಳಿ ಕುದಾ.”

ಶೇರ್ಗಾಜಿ ಯೋಚಿಸುತ್ತಿದ್ದ.

“ನೀಲಿ,” ಎಂದಿತು ಕ್ಯಾನುಗಳ ಕಡೆಯಿಂದ ಒಂದು ದನಿ. ಜಿಪಾರ್. ಅವಳನ್ನು ಯಾರೂ ಕೇಳಿರಲಿಲ್ಲ. ಮಾವನ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಪಕ್ಕದ ಗುಡಾರದವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಶೇರ್ಗಾಜಿ ಸೊಸೆಯ ಕಡೆ ತಿರುಗಿ ನೋಡಿದ, ಆಮೇಲೆ ಬೀಗನ ಕಡೆ.

“ಹಾಂ, ನೀಲಿ. ಏನ್ ನಿಂತ್ಕೊಂಡ್ರಿ, ಹತ್ತಿ ಗುಡ್ಡಾನ.”